ಟ್ಯಾಂಕರ್ ಕೆಳಗಿನ ಬೆಸುಗೆ

ನಲ್ಲಮಲ ಕಾಡಿನ ಕಣಿವೆಯೊಂದರಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ನೀರಿನ ಟ್ಯಾಂಕರ್ ಅಚ್ಚು ಮುರಿದು ನಿಂತಿತ್ತು. ಆಚೆ ಗುಡ್ಡದ ಮೇಲಿನ ಕಾವಲು ಮನೆಯಲ್ಲಿ ಅರಣ್ಯ ಕಾವಲುಗಾರ ಲಿಂಗಣ್ಣ ಒಬ್ಬನೇ ಇದ್ದ. ಅವನ ಡ್ರಮ್ಮು ತಳ ಕಂಡಿತ್ತು, ಕಾಡುಪ್ರಾಣಿಗಳ ತೊಟ್ಟಿ ಪೂರಾ ಒಣಗಿತ್ತು. ಅಚ್ಚನ್ನು ನಿಂತಲ್ಲೇ ಬೆಸೆದು ಟ್ಯಾಂಕರನ್ನು ಮೇಲೆ ಹತ್ತಿಸಬೇಕಿತ್ತು. ನೀರು ಸಾಗಿಸುವ ಗುತ್ತಿಗೆದಾರ ಉಪೇಂದ್ರ ನಸುಕಿನಲ್ಲೇ ಹೈದರಾಬಾದಿಗೆ ಬಂದು, ಕೂಕಟ್‌ಪಲ್ಲಿಯಲ್ಲಿ ಸುಮಂಗಲಾಳ ವೆಲ್ಡಿಂಗ್ ಅಂಗಡಿಯ ಮುಂದೆ ಜೀಪು ನಿಲ್ಲಿಸಿದ.

"ಸಾದಾ ರಾಡ್ ಹಾಕಿ ನೋಡಿದ್ವಿರಿ. ಬೆಸುಗೆ ನಿಂತೈತಿ, ಅದರ ಬಾಜೂಕ ಉಕ್ಕ ಸೀಳೈತಿ," ಎಂದ.

"ಗಡಸು ಉಕ್ಕರಿ ಅದು. ಕ್ರೋಮಿಯಂ, ನಿಕ್ಕಲ್ ಇರೋ ರಾಡ್ ಬೇಕು. ಮೊದಲ ಕಾಸಬೇಕು, ಬೆಸೆದ ಮ್ಯಾಲೆ ಸಾವಕಾಶ ಆರಿಸಬೇಕು."

ಅವಳು ಆ ರಾಡುಗಳ ಡಬ್ಬಿ, ಉಕ್ಕು ಕಾಸುವ ಗ್ಯಾಸ್ ಟಾರ್ಚ್, ಸಣ್ಣ ಜನರೇಟರು, ಒಂದು ಚೀಲ ಒಣ ಬೂದಿ ಜೀಪಿಗೇರಿಸಿದಳು. ಗಂಡ ಆನಂದಕುಮಾರ ತೀರಿಕೊಂಡ ಮೇಲೆ ಎಲ್ಲಿಗೆ ಹೋಗುತ್ತೇನೆಂದು ಹೇಳಿ ಹೊರಡಲು ಮನೆಯಲ್ಲಿ ಯಾರೂ ಇರಲಿಲ್ಲ. ಷಟರ್ ಎಳೆದು ಹೊರಟಳು.

ಜೀಪಿನ ದಾರಿ ಕಣಿವೆಯ ಅಂಚಿನಲ್ಲಿ ಮುಗಿಯಿತು. ಬೇಸಿಗೆಗೆ ತೇಗದ ಮರಗಳೆಲ್ಲ ಬೋಳಾಗಿ, ಬೂದು ಬಣ್ಣದ ಇಳಿಜಾರು ಕಣ್ಣು ಮುಟ್ಟುವವರೆಗೂ ಹಬ್ಬಿತ್ತು. ಗಾಳಿ ಬೀಸಿದಾಗ ಒಣ ಎಲೆಗಳು ಒಂದೇ ಸಮನೆ ಸರಸರ ಸರಿದು ಮತ್ತೆ ಸುಮ್ಮನಾಗುತ್ತಿದ್ದವು. ಅಷ್ಟು ದೊಡ್ಡ ಮೌನವನ್ನು ಸುಮಂಗಲಾ ಎಂದೂ ಕೇಳಿರಲಿಲ್ಲ.

ಟ್ರ್ಯಾಕ್ಟರ್ ಚಾಲಕ ಭರತ ಎದುರು ಬಂದು ರಾಡುಗಳ ಡಬ್ಬಿ ಹೊತ್ತ; ಉಳಿದದ್ದನ್ನು ಉಪೇಂದ್ರ, ಸುಮಂಗಲಾ ಹಂಚಿಕೊಂಡರು. ಅರ್ಧ ಇಳಿದಾಗ ಕಾಲಡಿಯ ಕಲ್ಲು ಜಾರಿತು.

ಭರತ ಬಿದ್ದ. ಡಬ್ಬಿ ಬಂಡೆಗೆ ಬಡಿಯಿತು.

ಭರತನ ಮೊಣಕಾಲು ತರಚಿತ್ತು, ಅಷ್ಟೇ. ಆದರೆ ಬಹಳಷ್ಟು ರಾಡುಗಳ ಮೇಲಿನ ಲೇಪ ಉದುರಿತ್ತು. "ಲೇಪ ಹೋದವು ಕೆಲಸಕ್ಕ ಬರಂಗಿಲ್ಲ," ಎಂದು ಸುಮಂಗಲಾ ಅವನ್ನು ಆರಿಸಿ ತೆಗೆದಳು. ಉಳಿದವು ಒಂದು ಬೆಸುಗೆಗೆ ಸಾಕು, ಎರಡನೆಯದಕ್ಕಿಲ್ಲ.

ಟ್ಯಾಂಕರಿಗೆ ಜ್ಯಾಕ್ ಕೊಟ್ಟು ಗಾಲಿ ಕಳಚಿದರು. ಕಿಡಿ ಹೊತ್ತದಂತೆ ಸುತ್ತಲಿನ ಒಣ ಹುಲ್ಲು ಕಿತ್ತು ನೆಲ ತೋಯಿಸಿದರು. ಸುಮಂಗಲಾ ಹಳೆಯ ಬೆಸುಗೆ ಉಜ್ಜಿ ತೆಗೆದು, ಅಚ್ಚು ಕಾಸಿ, ಮುಖವಾಡ ಇಳಿಸಿದಳು. ನೀಲಿ ಬೆಳಕು ಕಲ್ಲುಗೋಡೆಗಳಿಗೆ ಹೊಡೆಯಿತು. ಕೊನೆಯ ರಾಡು ಸವೆದಾಗ ಬೆಸುಗೆಯ ಸುತ್ತ ತಗಡು ಕಟ್ಟಿ ಬೂದಿ ತುಂಬಿದಳು.

"ಇದು ತಾನಾಗೇ ಆರಬೇಕ್ರಿ. ಹನಿ ನೀರು ತಾಗಿದ್ರೂ ಸೀಳತೈತಿ. ನೀವಿಬ್ರೂ ಲಿಂಗಣ್ಣಗ ನೀರ ಒಯ್ರಿ, ನಾ ಕಾಯ್ತೀನಿ."

"ಒಬ್ಬರ ಇರ್ತೀರಿ?"

"ರೂಢಿ ಐತ್ರಿ."

ಅವರು ಕ್ಯಾನು ಹೊತ್ತು ಮರೆಯಾದರು. ಅವಳು ಟ್ಯಾಂಕರ್ ಮೇಲೆ ಹತ್ತಿ ಕುಳಿತಳು. ಫೋನಿಗೆ ಸಿಗ್ನಲ್ ಇರಲಿಲ್ಲ. ಇದ್ದಿದ್ದರೂ ಯಾರಿಗೆ ಮಾಡುವುದೆಂದು ಹೊಳೆಯಲಿಲ್ಲ.

ಬಿಸಿಲು ವಾಲಿದಾಗ ಪೊದೆ ಅಲುಗಿತು.

ಕರಡಿ.

ತೋಯ್ದ ನೆಲ ಮೂಸುತ್ತ ಅದು ನೇರ ಟ್ಯಾಂಕರ್ ಕಡೆಗೆ ಬಂತು. ನಲ್ಲಿಯಿಂದ ತೊಟ್ಟಿಕ್ಕುವ ಹನಿ ನೆಕ್ಕಿತು. ಸಾಲದೆ ನಲ್ಲಿಯನ್ನೇ ಕೆರೆಯತೊಡಗಿತು. ನಲ್ಲಿ ಕಿತ್ತರೆ ನೀರೆಲ್ಲ ಕಾದ ಅಚ್ಚಿನ ಮೇಲೆ ಸುರಿಯುತ್ತಿತ್ತು.

ಸುಮಂಗಲಾ ಮೆಲ್ಲಗೆ ಟ್ಯಾಂಕರಿನ ಮುಚ್ಚಳ ತೆಗೆದು, ಅಲ್ಲೇ ಹಗ್ಗಕ್ಕೆ ಕಟ್ಟಿದ್ದ ಬಕೆಟ್ ಒಳಗೆ ಇಳಿಬಿಟ್ಟಳು. ತುಂಬಿದ್ದನ್ನು ಎತ್ತಿ, ಟ್ಯಾಂಕರಿನ ಹಿಂದಿದ್ದ ಬಂಡೆಯ ಗುಳಿಗೆ ಸುರಿದಳು.

ಕರಡಿ ತಲೆಯೆತ್ತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಅವಳು ಇನ್ನೊಂದು ಬಕೆಟ್ ಸುರಿದಳು. ಕರಡಿ ಅತ್ತ ಸರಿದು ಕುಡಿಯಿತು, ಶಬ್ದ ಮಾಡುತ್ತ, ಬಹಳ ಹೊತ್ತು. ಗುಳಿ ಬರಿದಾದಾಗ ಮತ್ತೆ ತುಂಬಿದಳು. ಕೊನೆಗೆ ಅದು ಮೂತಿ ಒರೆಸಿಕೊಂಡು ಕಲ್ಲುಗಳ ನಡುವೆ ಹೊರಟುಹೋಯಿತು.

ಉಪೇಂದ್ರ, ಭರತ ಮರಳಿದಾಗ ಅಚ್ಚು ಕೈ ಮುಟ್ಟುವಷ್ಟು ಆರಿತ್ತು. ಎಲ್ಲೂ ಸೀಳಿರಲಿಲ್ಲ. ಗಾಲಿ ಕೂರಿಸಿ ಭರತ ಟ್ರ್ಯಾಕ್ಟರಿನಿಂದ ಎಳೆದ. ಏರಿನಲ್ಲಿ ಟ್ಯಾಂಕರ್ ಒಮ್ಮೆ ನರಳಿತು, ನಿಂತಿತು, ಮತ್ತೆ ಏರಿತು. ಅಚ್ಚು ತಡೆಯಿತು. ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿ ಲಿಂಗಣ್ಣ ಸುಮಂಗಲಾಳಿಗೆ ಕೈ ಮುಗಿದ.

ಮರಳುವಾಗ ಜೀಪಿನಲ್ಲಿ ಕರಡಿಯ ಸುದ್ದಿ ಕೇಳಿ ಉಪೇಂದ್ರ ದಂಗಾದ. "ಅಂಜಿಕಿ ಆಗಲಿಲ್ಲೇನ್ರಿ?"

"ಆತ್ರಿ. ಆದ್ರ ಅದು ಹೋದ ಮ್ಯಾಲೆ ಭಾಳ ಖಾಲಿ ಅನಸ್ತು."

ಕೂಕಟ್‌ಪಲ್ಲಿಯಲ್ಲಿ ಮೆಟ್ಟಿಲು ಹತ್ತಿ ಬೀಗಕ್ಕೆ ಕೀಲಿ ಹಾಕಿದವಳು ತಿರುವಲಿಲ್ಲ. ಎದುರು ಮನೆಯಲ್ಲಿ ಟಿವಿ ಸದ್ದಿತ್ತು. ಅಲ್ಲಿನ ಗುಂಡಮ್ಮನೊಂದಿಗೆ ಈವರೆಗೆ ತಲೆಯಾಡಿಸಿದ್ದಷ್ಟೇ ಪರಿಚಯ. ಆ ಬಾಗಿಲು ತಟ್ಟಿದಳು.

ಗುಂಡಮ್ಮ ಬಾಗಿಲು ತೆರೆದಳು.

"ಅಕ್ಕಾರ, ಇವತ್ತ ನಾ ಒಂದ ಕರಡಿಗೆ ನೀರ ಕುಡಿಸಿ ಬಂದೀನ್ರಿ," ಎಂದಳು ಸುಮಂಗಲಾ.

ಗುಂಡಮ್ಮ ಅವಳ ಬೂದಿ ಮೆತ್ತಿದ ಕೈಗಳನ್ನು ನೋಡಿ, ಒಳಗೆ ಬರಲು ದಾರಿ ಬಿಟ್ಟಳು.