ಎತ್ತರ ಅಂದರೆ ಎಷ್ಟು?

೧೯೭೪ರ ನವೆಂಬರ್ ಹನ್ನೆರಡು, ಬೆಳಗಿನ ಎಂಟು ಗಂಟೆ. ಹೊರ್ತಿಯ ಸುಂದರವ್ವ ಇಂಡಿ ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ದಿನ ಮುಸ್ಸಂಜೆ ಯಾರೋ ಮನೆಗೆ ನುಗ್ಗಿ ಅವಳ ಗಂಡ ಗುರಪ್ಪನ ತಲೆಗೆ ಬಡಿಗೆಯಿಂದ ಹೊಡೆದು ಓಡಿದ್ದ. ಗುರಪ್ಪ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದ.

“ಮಾರಿ ನೋಡಿದೇನವ್ವಾ?” ಇನ್‌ಸ್ಪೆಕ್ಟರ್ ಚನ್ನಬಸಯ್ಯ ಕೇಳಿದರು.

“ಇಲ್ರಿ ಸಾಹೇಬ್ರ. ತಲಿಮ್ಯಾಲಿಂದ ಕಂಬಳಿ ಹೊತ್ತಿದ್ದ. ಭಾಳ ಎತ್ತರ ಇದ್ದ, ರಾಕ್ಷಸ ಇದ್ದಂಗ.”

ಅಷ್ಟು ಮಾತೇ ಊರಿಗೆ ಸಾಕಾಗಿತ್ತು. ಹೊರ್ತಿಯಲ್ಲಿ ಎಲ್ಲರಿಗಿಂತ ಎತ್ತರದವನು ಹಮಾಲ ಜೈನುದ್ದೀನ. ಮೊನ್ನೆ ಸಂತೆಯಲ್ಲಿ ಗುರಪ್ಪನೊಂದಿಗೆ ಜಗಳವಾಡಿದ್ದ. ಊರವರೇ ಅವನನ್ನು ಬಡಿದು ಠಾಣೆಗೆ ಎಳೆದು ತಂದಿದ್ದರು. ಎಫ್‌ಐಆರ್ ಬರೆದು ಮುಗಿಸುವಷ್ಟರಲ್ಲಿ ಗೇಟಿನ ಹೊರಗೆ ಜನ ಕಿಕ್ಕಿರಿದಿದ್ದರು.

“ಅವನ್ನ ನಮ್ಮ ಕೈಯಾಗ ಕೊಡ್ರಿ!”

ಚನ್ನಬಸಯ್ಯ ಜೈನುದ್ದೀನನ ಒಡೆದ ತುಟಿ ನೋಡಿದರು, ಬರಿಗಾಲನ್ನೂ ನೋಡಿದರು. ಗೇಟಿಗೆ ಬೀಗ ಹಾಕಿಸಿ, ಕಾನ್‌ಸ್ಟೆಬಲ್ ಧೂಳಪ್ಪ ಮತ್ತು ಸುಂದರವ್ವನೊಂದಿಗೆ ಹೊರ್ತಿಗೆ ಹೊರಟರು. ದಾರಿಯುದ್ದಕ್ಕೂ ಅವರಿಗೆ ಒಂದೇ ಯೋಚನೆ. ಆ ಬೀಗ ಎಷ್ಟು ಹೊತ್ತು ತಡೆದೀತು?

ಸುಂದರವ್ವನ ಮನೆಯಲ್ಲಿ ಪಂಚರ ಎದುರಿಗೆ ಪಂಚನಾಮೆ ಶುರುವಾಯಿತು.

“ನೀ ಎಲ್ಲಿದ್ದಿ?”

“ಒಲಿ ಮುಂದ ಕುಂತು ರೊಟ್ಟಿ ಬಡಿಯಾಕತ್ತಿದ್ನಿ. ಹೊಗಿ ತುಂಬಿತ್ರಿ. ಕುದಿಯೂ ಎಸರು ಉಗ್ಗಿದ್ನಿ, ಅವನ ಕಾಲಿಗೆ ಬಿತ್ತು.”

ಚನ್ನಬಸಯ್ಯ ತಾವೇ ಒಲೆಯ ಮುಂದೆ ಕುಳಿತರು. ಕುಳ್ಳ ಧೂಳಪ್ಪ ಕಂಬಳಿ ಹೊದ್ದು ಎದುರಿಗೆ ನಿಂತ. ಕೆಳಗಿನಿಂದ ಅವನೂ ದೈತ್ಯನಂತೆಯೇ ಕಂಡ.

“ಎತ್ತರ ಅಂದ್ರ ಎಷ್ಟವ್ವಾ? ಎಲ್ಲಿಂದ ಓಡಿದ?”

ಅವಳು ಸೂರಿಗೆ ತೂಗುಹಾಕಿದ್ದ ಮಜ್ಜಿಗೆ ಗಡಿಗೆಯತ್ತ ಕೈ ತೋರಿಸಿದಳು. “ಇದರ ಕೆಳಗ ಹಾದು ಹೋದ್ರಿ.”

“ಬಗ್ಗಿದ್ನೇನು?”

“ಇಲ್ರಿ, ನೆಟ್ಟಗ.”

“ಗಡಿಗಿ ತಲಿಗೆ ಬಡೀತೇನು?”

ಸುಂದರವ್ವ ತಡೆದು ಹೇಳಿದಳು: “ಇಲ್ರಿ… ಅಲ್ಲಾಡಲೂ ಇಲ್ಲ.”

ಟೇಪು ಹಿಡಿದರು. ನೆಲದಿಂದ ಗಡಿಗೆಯ ತಳಕ್ಕೆ ಐದು ಅಡಿ ಮೂರು ಇಂಚು. ಜೈನುದ್ದೀನ ಆರಡಿಯ ಆಳು. ಠಾಣೆಯಲ್ಲಿ ಕಂಡ ಅವನ ಬರಿಗಾಲಿನ ಮೇಲೆ ಒಂದು ಬೊಕ್ಕೆಯೂ ಇರಲಿಲ್ಲ.

“ಮಾರಿ ಮುಚ್ಚಿದ್ದಾನಂದ್ರ ಗುರುತಿನಾಂವ, ಕಾಲೂ ಸುಟ್ಟೈತಿ. ಮನಿ ಮಂದಿಯೊಳಗ ದವಾಖಾನಿಗೆ ಬರಲಾರದಾವ್ರು ಯಾರು?”

“ನನ್ನ ಮೈದುನ ಮಡಿವಾಳಪ್ಪ. ಹಿಂದಿನ ಓಣ್ಯಾಗ ಬ್ಯಾರೆ ಇರ್ತಾನ್ರಿ.” ಹೇಳುತ್ತಲೇ ಅವಳ ಮುಖ ಬಿಳಿಚಿತು.

ಮಡಿವಾಳಪ್ಪ ಕಾಲಿಗೆ ಅರಿಸಿನದ ಬಟ್ಟೆ ಸುತ್ತಿಕೊಂಡು ಮಲಗಿದ್ದ. ಎಬ್ಬಿಸಿ ನಿಲ್ಲಿಸಿದರೆ ಧೂಳಪ್ಪನ ಭುಜದ ಮಟ್ಟ.

“ಕಾಲಿಗೇನಾತು?”

“ಚಾ ಚೆಲ್ಲಿತ್ರಿ.”

“ಬಡಿಗಿ?”

ಮಡಿವಾಳಪ್ಪನ ಕಣ್ಣು ಹಿತ್ತಲಿನತ್ತ ಹೊರಳಿತು. ಧೂಳಪ್ಪ ಹಿತ್ತಲಿನ ಬಣವೆಯಿಂದ ರಕ್ತದ ಕಲೆಯ ಬಡಿಗೆ ಎಳೆದು ತಂದ. ಪಂಚರು ಸಹಿ ಹಾಕಿದರು, ಮಡಿವಾಳಪ್ಪನ ಬಂಧನವಾಯಿತು. ಜೀಪು ಠಾಣೆ ಮುಟ್ಟಿದಾಗ ಒಳಗಿದ್ದ ಮಡಿವಾಳಪ್ಪನನ್ನು ಕಂಡು ಜನ ಹಿಂದೆ ಸರಿದರು. ಜೈನುದ್ದೀನ ಹೊರಬಂದು, ಯಾರ ಮುಖವನ್ನೂ ನೋಡದೆ ಅವರ ನಡುವೆಯೇ ನಡೆದುಹೋದ.

ಸಂಜೆ ಮಡಿವಾಳಪ್ಪ ಬಾಯಿಬಿಟ್ಟ. “ಮುದ್ದೇಬಿಹಾಳದಿಂದ ಕನ್ಯಾದವ್ರು ಬಂದಿದ್ರು. ಎಲ್ಲಾರ ಮುಂದ ಅಣ್ಣ ‘ಈ ಮೋಟಗ ಹೆಣ್ಣ್ಯಾಕ, ಗೊಂಬಿ ಕೊಡ್ರಿ’ ಅಂತ ನಕ್ಕ. ಅವ್ರೂ ನಕ್ಕೋತ ಎದ್ದು ಹೋದ್ರು.” ಆಮೇಲೆ ಕೇಳಿದ: “ಉಳೀತಾನೇನ್ರಿ?”

“ಕಣ್ಣು ತಗದಾನಂತ,” ಅಂದರು ಚನ್ನಬಸಯ್ಯ. “ತಮ್ಮ ಯಾಕ ಬಂದಿಲ್ಲ ಅಂತ ಕೇಳಾಕತ್ತಾನಂತ.”