ಸತ್ತ ದೊಡ್ಡಮ್ಮನ ಕಣ್ಣಿನ ಆಪರೇಷನ್

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ನಾಲಿಗೆ ಬಿದ್ದು ಹೋಗಲಿ. ನಮ್ಮ ದೊಡ್ಡಮ್ಮ ಸತ್ತ ಸುದ್ದಿಯನ್ನು ಮೊದಲು ಕೇಳಿಸಿಕೊಂಡವರು ದೊಡ್ಡಮ್ಮನೇ.

ಸರ್ಕಾರಿ ಆಸ್ಪತ್ರೆಯ ಗುಮಾಸ್ತೆ ಕಂಪ್ಯೂಟರ್ ನೋಡಿದಳು. "ಇವರು ತೀರಿಕೊಂಡು ಹನ್ನೆರಡು ದಿನ ಆಯ್ತಲ್ಲ?"

"ಇವರು ಅಂದ್ರೆ ನಾನೇ ಕಣಮ್ಮ!"

"ಇರಬಹುದು. ಸಿಸ್ಟಮ್ ಒಪ್ಪಬೇಕಲ್ಲ? ಸೋಮವಾರ ಆಪರೇಷನ್. ಅಷ್ಟರೊಳಗೆ ಬದುಕಿ ಬನ್ನಿ. ಇಲ್ಲಾಂದ್ರೆ ಮುಂದಿನ ವರ್ಷವೇ."

ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದು ಕಣ್ಣು ವರ್ಷವಿಡೀ ಕಾಯುವ ಹಾಗಿರಲಿಲ್ಲ.

* * *

ತನಿಖೆಗೆ ಇಳಿದವರು ನಮ್ಮ ಭಾವ, ನಿವೃತ್ತ ಪೊಲೀಸ್ ದಫೇದಾರರು. ಮೊದಲ ಅನುಮಾನ ದೊಡ್ಡಮ್ಮನ ಮೈದುನನ ಮೇಲೆ. ಹೋದ ತಿಂಗಳಷ್ಟೇ ದೊಡ್ಡಮ್ಮ ಮಗಳ ಪಕ್ಕದ ಬೀದಿಗೆ ಬಂದಿದ್ದರು. ಖಾಲಿ ಬಿದ್ದ ಹಳೇ ಮನೆಯ ಮೇಲೆ ಅವನಿಗೆ ಆಸೆ.

"ಅತ್ತಿಗೇನ ಸಾಯಿಸಿದ್ದು ನೀನೇನಾ?"

"ನನ್ನ ನಲ್ಲಿ ಅರ್ಜೀನೇ ಆರು ತಿಂಗಳಿಂದ ಆನ್‌ಲೈನಲ್ಲಿ ಗಿರ್ರಂತ ಸುತ್ತುತಾ ಇದೆ ಸ್ವಾಮಿ. ಕೊಲೆ ಮಾಡೋಷ್ಟು ನೆಟ್‌ವರ್ಕ್ ನನಗೆಲ್ಲಿಂದ ಬರಬೇಕು?"

ಭಾವ ಅವನನ್ನು ಬಿಟ್ಟುಬಿಟ್ಟರು.

* * *

ಶನಿವಾರ, ಸೇವಾ ಕೇಂದ್ರ. ಅಲ್ಲಿ ಸತ್ತವರದೇ ಬೇರೆ ಸಾಲು. ಒಬ್ಬ ದರ್ಜಿ, ಒಬ್ಬ ಕಂಡಕ್ಟರ್, ಒಬ್ಬ ಮೇಷ್ಟ್ರು. ಇಷ್ಟು ಹೆಣಗಳ ಹೇಳಿಕೆಯನ್ನು ಭಾವ ತಮ್ಮ ಸರ್ವೀಸಿನಲ್ಲೇ ಬರೆದುಕೊಂಡಿರಲಿಲ್ಲ. ಎಲ್ಲರೂ ದೊಡ್ಡಮ್ಮನ ಹಾಗೆ ಇತ್ತೀಚೆಗೆ ಮನೆ ಬದಲಾಯಿಸಿ, ರೇಷನ್ ಕಾರ್ಡಿನ ವಿಳಾಸ ತಿದ್ದಲು ಅರ್ಜಿ ಕೊಟ್ಟವರು!

ಭಾವ ಕಿಟಕಿಗೆ ಬಗ್ಗಿ ಆಪರೇಟರನಿಗೆ ಹೇಳಿದರು. "ಪರೀಕ್ಷೆಗೆ ನಮ್ಮ ಮನೆ ಕಾರ್ಡಿನಿಂದ ನನ್ನ ಹೆಸರು ತೆಗಿ. ಕಾರಣ, ಸ್ಥಳಾಂತರ."

ಪರದೆಯ ಮೇಲೆ ಚಕ್ರ ಸುತ್ತತೊಡಗಿತು. ನಲವತ್ತು ನಿಮಿಷ ಸುತ್ತಿತು.

"ಈಗ ಕಾರಣ ಮರಣ ಅಂತ ಹಾಕು ನೋಡೋಣ."

ಟಿಂಗ್! ಎರಡು ಸೆಕೆಂಡಿನಲ್ಲಿ ಭಾವನೂ ಸತ್ತರು.

"ಸ್ಥಳಾಂತರ ಮುಂದಕ್ಕೆ ಹೋಗಲ್ಲ. ಮರಣ ತಕ್ಷಣ ಹೋಗುತ್ತೆ. ದಿನಕ್ಕೆ ಎಷ್ಟು ಅರ್ಜಿ ಮುಗಿಸಬೇಕು ನೀನು?"

"ಎಂಬತ್ತು ಸಾರ್."

"ಅದಕ್ಕೇ ಜನಾನೇ ಮುಗಿಸಿದೆ!"

ಆಪರೇಟರ್ ತಲೆ ಮೇಲೆ ಕೈ ಹೊತ್ತ. "ಮೊದಲು ಹಳೇ ಮನೆಯಿಂದ ತೆಗೆದು, ಆಮೇಲೆ ಹೊಸ ಮನೆಗೆ ಸೇರಿಸೋಣ ಅಂತಿದ್ದೆ ಸಾರ್. ಸತ್ತೋರನ್ನ ಸೇರಿಸಿಕೊಳ್ಳಲ್ಲ ಅಂತ ನಂಗೇನು ಗೊತ್ತು?"

"ಬದುಕಿಸು."

"ಅದಕ್ಕೆ ಬಟನ್ನೇ ಇಲ್ಲ. ಹೊಸದಾಗಿ ಹೆಸರು ಸೇರಿಸೋಕೆ ಒಂದೇ ದಾರಿ. ಜನನ."

"ಹುಟ್ಟಿಸಪ್ಪ ಹಾಗಾದ್ರೆ!"

"ದೊಡ್ಡಮ್ಮನ ತೂಕ ಎಷ್ಟು ಹಾಕ್ಲಿ?"

"ಅರವತ್ತೆರಡು ಕೆಜಿ."

"ಐದರ ಮೇಲೆ ತಗೊಳ್ಳಲ್ಲ ಸಾರ್."

"ಐದೇ ಹಾಕಿ ಸಾಯಿ!"

* * *

ಸೋಮವಾರ ಮಕ್ಕಳ ವಾರ್ಡಿನಲ್ಲೇ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ದೊಡ್ಡಮ್ಮ ಮಂಚದ ಚೀಟಿಯನ್ನು ತಾವೇ ಓದಿದರು: 'ಮಗು ಆರೋಗ್ಯವಾಗಿದೆ.' ಕಣ್ಣು ಉಳಿದಿತ್ತು. ಆದರೆ ನೋಡಿ, ಮೊನ್ನೆ ಪೋಲಿಯೋ ಹನಿ ಹಾಕುವವರು ಮನೆಗೇ ಬಂದರು. ದೊಡ್ಡಮ್ಮನನ್ನು ಇಬ್ಬರು ಹಿಡಿದುಕೊಂಡು, ಇನ್ನೊಬ್ಬಳು ಗಿಲಕಿ ಆಡಿಸುತ್ತಾ... ಅರೆ, ಕಥೆ ಮುಗಿಯೋ ಮೊದಲೇ ಎದ್ದೇಬಿಟ್ರಾ ನೀವು? ನಾಲಿಗೆ ಮೇಲೆ ಆಣೆ ಮಾಡಿದ್ದೀನಿ ರೀ! ಚಪ್ಪಲಿ ಆಮೇಲೆ ಹಾಕ್ಕೊಳ್ಳಿ, ದೊಡ್ಡಮ್ಮ ಇನ್ನೇನು ಬಾಯಿ ತೆಗೆದು...