ಮೊದಲು ಕಂಡವನು

"ನೀವೊಬ್ಬ ಕಳ್ಳ ಕಣ್ರೀ!"

ವೀಕ್ಷಣಾಲಯದ ಅಳತೆ ಕೋಣೆಯಲ್ಲಿ, ಎಂಟು ಜನರ ಮುಂದೆ ಅವಳು ಹಾಗೆ ಕೂಗಿದಾಗ ಅವನ ಕೈಯಲ್ಲಿದ್ದ ಚಹಾ ತುಳುಕಿತು. ಎರಡು ಲೋಟ ಹಿಡಿದು ಬಂದಿದ್ದ. ಒಂದು ಅವಳಿಗೇ!

ಮಂಗಳ ಗ್ರಹದಾಚೆ, ಕ್ಷುದ್ರಗ್ರಹಗಳ ಪಟ್ಟಿಯ ಒಳ ಅಂಚಿನಲ್ಲಿ ಸುತ್ತುವ ಒಂದು ಪುಟ್ಟ ಬಂಡೆ. ನೂರಾರು ಚಿತ್ರಗಳನ್ನು ಹೋಲಿಸಿ, ಜರುಗುತ್ತಿದ್ದ ಆ ಚುಕ್ಕಿಯನ್ನು ಹಿಡಿದವಳು ಅವಳು. ಆದರೆ ಪ್ರಕಟಣೆಯಲ್ಲಿ ಕಂಡುಹಿಡಿದವರೆಂದು ಇದ್ದದ್ದು ಪಕ್ಕದ ಮೇಜಿನವನ ಹೆಸರು! ಎರಡು ವರ್ಷದಿಂದ ಅವಳು ಕದ್ದು ಕದ್ದು ನೋಡುತ್ತಿದ್ದವನು...

'ನನ್ನ ಅಳತೆಯನ್ನೇ ತನ್ನದೆಂದು ಕಳಿಸಿಬಿಟ್ಟನಲ್ಲ!'

ಅವನು ಎರಡೂ ಲೋಟ ಕೆಳಗಿಟ್ಟು ಹೊರಟುಹೋದ. ಮರುದಿನವೇ ಬೇರೆ ಊರಿಗೆ ವರ್ಗ ಕೇಳಿದನಂತೆ.

ಹದಿನೈದು ದಿನದ ಮೇಲೆ ಅವಳ ದೂರಿಗೆ ಇಂಥ ಬಂಡೆಗಳ ದಾಖಲೆ ಇಡುವ ಕೇಂದ್ರದಿಂದ ಉತ್ತರ ಬಂತು. ನಾಲ್ಕು ವರ್ಷದ ಹಿಂದೆ ಅವನು ಕಳಿಸಿ ಮರೆತಿದ್ದ ಅಳತೆಗಳಲ್ಲೂ ಇದೇ ಬಂಡೆ ಇತ್ತು. ಕಕ್ಷೆ ಲೆಕ್ಕ ಹಾಕುವಾಗ ಕೇಂದ್ರದವರೇ ಅದನ್ನು ಗುರುತಿಸಿದ್ದರು. ಮೊದಲು ಕಂಡವರಿಗೇ ಶ್ರೇಯ ಎಂಬುದು ನಿಯಮ. ಪಾಪ, ಅವನಿಗೆ ಇದ್ಯಾವುದೂ ಗೊತ್ತೇ ಇರಲಿಲ್ಲ!

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಅವಳಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಅಕ್ಕಾ, ಯಾವ ಮುಖ ಇಟ್ಕೊಂಡು ಹೋಗ್ಲೇ?" ಫೋನಿನಲ್ಲಿ ಅತ್ತಳು.

"ಅದೇ ಮುಖ ಇಟ್ಕೊಂಡು ಹೋಗು. ಎಲ್ಲರೆದುರು ಬೈದು, ಮೂಲೇಲಿ ನಿಂತು ಕ್ಷಮೆ ಕೇಳಿದ್ರೆ ಆಗುತ್ತೇನೆ?"

ಮರುದಿನ ಅವನ ಬೀಳ್ಕೊಡುಗೆ. ಅದೇ ಕೋಣೆ, ಅದೇ ಎಂಟು ಜನ. ಮುಖ್ಯಸ್ಥರು ಮಾತು ಶುರುಮಾಡುವ ಮೊದಲೇ ಅವಳು ಎದ್ದುನಿಂತಳು.

"ಇವ್ರು ಕಳ್ಳ ಅಲ್ಲ. ವಿಚಾರಿಸದೆ ನಾಲಿಗೆ ಹರಿಬಿಟ್ಟೋಳು ನಾನು..."

ಕೇಂದ್ರದ ಪತ್ರವನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, ಯಾರ ಮುಖವನ್ನೂ ನೋಡಲಾಗದೆ ಹೊರಗೆ ಓಡಿದಳು.

ಮೆಟ್ಟಿಲ ಬಳಿ ಅವನು ಬಂದು ನಿಂತಾಗ ಅವಳು ಬಿಕ್ಕುತ್ತಿದ್ದಳು.

"ಬೇರೆ ಯಾರು ಅಂದಿದ್ರೂ ನಕ್ಕುಬಿಡ್ತಿದ್ದೆ," ಅಂದ ಮೆಲ್ಲಗೆ. "ನೀವಂದ್ರಿ... ತಡ್ಕೊಳ್ಳೋಕಾಗ್ಲಿಲ್ಲ."

"ನಾಚಿಕೆ ಆಗ್ತಿದೆ ರೀ. ನೀವಂದ್ರೆ ನಂಗೆ ಪ್ರಾಣ. ಆದ್ರೂ ನಿಮ್ಮನ್ನೇ ನಂಬಲಿಲ್ಲ ನಾನು!"

ಅವನು ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದ.

"ಈಗಷ್ಟೇ ವರ್ಗದ ಅರ್ಜಿ ವಾಪಸ್ ಕೇಳ್ದೆ. ಸಾರ್ ಚೆನ್ನಾಗಿ ಬೈದ್ರು. ಬೈದು, ಕೊಟ್ರು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆ ಬಂಡೆಗೆ ಹೆಸರಿಡೋ ಹಕ್ಕು ನಂದಂತೆ. ಯೋಚನೆ ಮಾಡೋಕೆ ಹತ್ತು ವರ್ಷ ಟೈಮ್ ಇದೆ."

"ನನ್ನ ಹೆಸರು ಮಾತ್ರ ಇಡ್ಬೇಡಿ! ಅಷ್ಟು ಯೋಗ್ಯತೆ ನಂಗಿಲ್ಲ..."

"ಇಡಲ್ಲ ಬಿಡಿ. ಆ ಹತ್ತು ವರ್ಷ ನನ್ನ ಜೊತೆ ಕೂತು ಯೋಚಿಸ್ತೀರಾ?"

ತಲೆ ಎತ್ತುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ. ಅವನ ಅಂಗಿಯ ತೋಳನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಳು.

"ಹತ್ತು... ಸಾಕಾಗುತ್ತಾ?"